ವಾಫಲ್ ಶನಿವಾರ

ಕಾರ್ವರ್ಸ್ ಫೋರ್ಕ್, ಓಹಿಯೋ
೨೩ ಅಕ್ಟೋಬರ್ ೨೦೧೧, ಭಾನುವಾರ

ಮುದ್ದು ಡಾರ್ಲಾ,

ನೀನೂ ಪುಟ್ಟ ಜೂನಿಯೂ ಸುಖವಾಗಿದ್ದೀರಿ ಎಂದುಕೊಂಡಿದ್ದೇನೆ. ಸೊಂಟನೋವೊಂದನ್ನು ಬಿಟ್ಟರೆ ನಾನು ಗುಂಡುಕಲ್ಲಿನ ಹಾಗಿದ್ದೇನೆ. ನೀನು ಫೋನಿನಲ್ಲಿ ಹೇಳಿಟ್ಟಿದ್ದ ಮಾತು ಕೇಳಿ ಎರಡು ವಾರವಾಯಿತು. ಇಷ್ಟು ದಿನ ಯಾಕೆ ಬರೆಯಲಿಲ್ಲ ಎಂದರೆ, ಮೊದಲ ವಾರ ಪೆನ್ನು ಸಿಗಲಿಲ್ಲ ಎಂದಿಟ್ಟುಕೋ. ಎರಡನೆಯ ವಾರ ಪೆನ್ನು ಸಿಕ್ಕಿತು, ಮುಖ ಇರಲಿಲ್ಲ. ನೀನು ಫೋನೂ ಎತ್ತುತ್ತಿಲ್ಲ, ಅದಕ್ಕೇ ಕಾಗದ. ಎಂಟನೆಯ ಕ್ಲಾಸಿಗೇ ಶಾಲೆಗೆ ಕೈಮುಗಿದು ಬಂದವನು ಬರೆದದ್ದು, ತಪ್ಪಿದ್ದಲ್ಲಿ ತಿದ್ದಿಕೋ.

ಮೊದಲು ಒಳ್ಳೆಯ ಸುದ್ದಿ. ಈ ವರ್ಷವೂ ನಮ್ಮ ಲೀಗ್ ಗೆದ್ದವನು ನಿನ್ನ ಮಾವನೇ. ನೀನು ಚಿಕ್ಕವಳಿದ್ದಾಗ ನಮ್ಮ ಈ ಹುಚ್ಚನ್ನು ‘ಸುಳ್ಳು ಬೇಸ್‌ಬಾಲ್’ ಎನ್ನುತ್ತಿದ್ದೆ. ತಪ್ಪೇನೂ ಅಲ್ಲ. ನಿಜವಾದ ಆಟಗಾರರು ಎಲ್ಲೋ ದೂರದ ಊರುಗಳಲ್ಲಿ ಬೆವರು ಸುರಿಸುತ್ತಾರೆ. ನಾವು ಎಂಟು ಜನ ಮುದುಕರು ರಸ್‌ನ ಕ್ಷೌರದಂಗಡಿಯಲ್ಲಿ ಕೂತು ಅವರನ್ನು ‘ಇವನು ನನ್ನವನು, ಅವನು ನಿನ್ನವನು’ ಎಂದು ಹಂಚಿಕೊಂಡು, ಅವರು ಹೊಡೆದದ್ದನ್ನೆಲ್ಲ ನಮ್ಮ ಅಂಕ ಮಾಡಿಕೊಂಡು, ವಾರವಾರವೂ ಎದೆ ಉಬ್ಬಿಸುತ್ತೇವೆ. ಸೋಮವಾರ ಬೆಳಿಗ್ಗೆ ಆ ವಾರದ ಸಮಾಚಾರ ಬರೆದು ರಸ್‌ನ ಕನ್ನಡಿಗೆ ಅಂಟಿಸುವುದು ನನ್ನ ಕೆಲಸ. ಜೂನ್‌ನಲ್ಲಿ ರಸ್, ಮೊಣಕೈ ಮುರಿದುಕೊಂಡು ಮನೆ ಸೇರಿದ್ದ ಆಟಗಾರನನ್ನೇ ಮೂರು ವಾರ ತಂಡದಲ್ಲಿಟ್ಟುಕೊಂಡಿದ್ದ. ‘ನಮ್ಮ ರಸ್ ಹೆಣಕ್ಕೂ ಕ್ಷೌರ ಮಾಡುತ್ತಾನೆ’ ಎಂದು ಬರೆದೆ. ತಲೆ ಬೋಳಿಸಿಕೊಳ್ಳಲು ಬಂದವರೆಲ್ಲ ಓದಿ ಬಿದ್ದು ಬಿದ್ದು ನಕ್ಕರು. ಊರಿನಲ್ಲಿ ವೃತ್ತಪತ್ರಿಕೆ ಕೊಳ್ಳದವರೂ ನನ್ನದನ್ನು ಓದುತ್ತಾರೆ, ಇದು ಬಡಾಯಿ ಅಲ್ಲ.

ನಿನ್ನಪ್ಪನ ತಂಡದ ಗತಿ ನಿನಗೆ ಗೊತ್ತು. ಹಂಚಿಕೆಯ ದಿನ ಎಮ್ಮೆಟ್ ಭಾವ ಬಾಯಿ ಬಿಟ್ಟರೆ ಕ್ಲೀವ್‌ಲ್ಯಾಂಡಿನ ಆಟಗಾರನ ಹೆಸರೇ ಬರುವುದು. ಒಳ್ಳೆಯವನೋ ಕೆಟ್ಟವನೋ, ಲೆಕ್ಕವಿಲ್ಲ. ಅದು ನಿನ್ನಮ್ಮನ ತಂಡ. ನನ್ನ ತಂಗಿ ವಿಲ್ಮಾ ಅಡುಗೆಮನೆಯಲ್ಲಿ ರೇಡಿಯೋ ಹಾಕಿಕೊಂಡು ಆ ತಂಡಕ್ಕೆ ಶಾಪ ಹಾಕುತ್ತಾ ಹಿಟ್ಟು ನಾದುತ್ತಿದ್ದಳಲ್ಲ. ಅವಳನ್ನು ಮಣ್ಣು ಮಾಡಿದ ದಿನ ಎಮ್ಮೆಟ್ ಆಟ ಕೇಳುತ್ತಾ ಕೂತಿದ್ದನೆಂದು ನೀನು ಸಿಟ್ಟಾಗಿ ಹೋದವಳು ಆರು ವರ್ಷ ಬರಲಿಲ್ಲ. ಅವತ್ತು ನಾನೂ ಅವನನ್ನು ಬೈದಿದ್ದೆ. ‘ಅವಳಿಗೆ ಕೇಳಕ್ಕಾಗಲ್ಲವಲ್ಲ ಲೈಲ್, ಒಬ್ಬರಾದ್ರೂ ಕೇಳ್ಬೇಕಲ್ಲ’ ಅಂದ. ಇದನ್ನು ನಿನಗೆ ಆಗಲೇ ಹೇಳಬೇಕಿತ್ತು. ಹೇಳಲಿಲ್ಲ.

ಈಗ ಆ ಶನಿವಾರದ ವಿಷಯಕ್ಕೆ ಬರುತ್ತೇನೆ. ‘ಅಪ್ಪಂಗೆ ಹೇಳಿಬಿಟ್ಟೆ ಅಲ್ವಾ ಮಾವ, ಅದಕ್ಕೇ ಮನೆಬಿಟ್ಟು ಓಡಿಹೋದ್ರು’ ಎಂದು ನೀನು ಫೋನಿನಲ್ಲಿ ಹೇಳಿಟ್ಟಿದ್ದೆ. ಎಮ್ಮೆಟ್ ಓಡಿಹೋಗಲಿಲ್ಲ ಮಗಳೇ. ಅವನು ಹೆದ್ದಾರಿ ಪಕ್ಕದ ಹೋಟೆಲಿನಲ್ಲಿ ವಾಫಲ್ ತಿನ್ನುತ್ತಾ ಕೂತಿದ್ದ.

ನಗಬೇಡ, ಅಥವಾ ನಗು, ನಿನ್ನಿಷ್ಟ. ಲೀಗಿನಲ್ಲಿ ಕೊನೆಗೆ ಬಂದವನಿಗೆ ನಮ್ಮಲ್ಲೊಂದು ಶಿಕ್ಷೆ ಇದೆ. ಬೆಳಿಗ್ಗೆ ಆರಕ್ಕೆ ಹೋಗಿ ಆ ಹೋಟೆಲಿನ ಮೂಲೆ ಮೇಜಿನಲ್ಲಿ ಕೂತರೆ ಮಾರನೆಯ ಬೆಳಿಗ್ಗೆ ಆರರವರೆಗೆ ಏಳುವ ಹಾಗಿಲ್ಲ. ತಟ್ಟೆಯಗಲದ, ಪಾಕ ಸುರಿದ ಒಂದೊಂದು ವಾಫಲ್ ತಿಂದಾಗಲೂ ಒಂದೊಂದು ಗಂಟೆ ಮಾಫಿ. ಕೈಗಡಿಯಾರ ಬಿಚ್ಚಿಡಬೇಕು, ಗೋಡೆಗೆ ಬೆನ್ನು ಹಾಕಿ ಗಡಿಯಾರ ಕಾಣದಂತೆ ಕೂರಬೇಕು. ವೇಳೆ ನೋಡಿಕೊಳ್ಳುವವನು ಗೆದ್ದವನು. ಅಂದರೆ ನಾನು.

ಈ ಸಲ ಕೊನೆಗೆ ಬರಬೇಕಾದವನು ರಸ್. ಆದರೆ ಎಮ್ಮೆಟ್ ಅಲ್ಲಿ ಕೂತರೆ ಚಂದ ಎಂದು ನನಗೆ ಜೂನ್‌ನಿಂದಲೇ ನಾಲಿಗೆ ತುರಿಸುತ್ತಿತ್ತು. ರಸ್ ಬಾಯಾಳಿ, ಅವನನ್ನು ಕೆಣಕಿದರೆ ತಿರುಗಿ ಕೆಣಕುತ್ತಾನೆ. ಭಾವ ಹಾಗಲ್ಲ, ಹಾಕಿದ್ದನ್ನೆಲ್ಲ ಬೆನ್ನ ಮೇಲೆ ಹಾಕಿಸಿಕೊಳ್ಳುತ್ತಾನೆ. ಕೊನೆಯ ವಾರ ನನ್ನ ಗೆಲುವು ಹೇಗೂ ಖಾತ್ರಿಯಾಗಿತ್ತು. ನನ್ನ ತಂಡದ ಅತ್ಯುತ್ತಮ ಎಡಗೈ ಎಸೆತಗಾರನನ್ನು ಬೇಕೆಂದೇ ಕೈಬಿಟ್ಟು, ರಸ್‌ನ ಕಿವಿಯಲ್ಲಿ ‘ಬೇಗ ಎತ್ಕೊಳ್ಳೋ’ ಎಂದು ಊದಿದೆ. ರಸ್ ಮೇಲೆ ಬಂದ, ನಿನ್ನಪ್ಪ ಕೆಳಗೆ ಬಿದ್ದ. ಆ ಸೋಮವಾರದ ಸಮಾಚಾರವನ್ನು ನಾನು ಎಂಥ ಹುಮ್ಮಸ್ಸಿನಿಂದ ಬರೆದೆ ಎಂದರೆ ರಸ್ ಅದಕ್ಕೆ ಚೌಕಟ್ಟು ಹಾಕಿಸಿದ.

ಅದೇ ಬುಧವಾರ ನೀನು ಫೋನು ಮಾಡಿದ್ದು. ಆರು ವರ್ಷದ ಮೇಲೆ ನಿನ್ನ ದನಿ. ‘ಶನಿವಾರ ಹತ್ತು ಗಂಟೆಗೆ ಬರ್ತೀನಿ ಮಾವ, ಜೂನೀನ ತೋರಿಸ್ಬೇಕು. ಅಪ್ಪಂಗೆ ಮಾತ್ರ ಹೇಳ್ಬೇಡ, ಹೆದರ್ಕೊಂಡು ಎಲ್ಲಾದ್ರೂ ಹೋಗಿಬಿಡ್ತಾರೆ. ಮನೇಲಿರೋ ಹಾಗೆ ನೋಡ್ಕೋ, ಅಷ್ಟು ಸಾಕು’ ಅಂದೆ. ‘ಎಲ್ಲಿಗೆ ಹೋಗ್ತಾನೆ, ಇದ್ದೇ ಇರ್ತಾನೆ ಬಾ’ ಅಂದೆ ನಾನು. ಗೆದ್ದ ಅಮಲು. ಮಾತು ಒಂದು ಕಿವಿಯಲ್ಲಿ ಬಂದು ಇನ್ನೊಂದರಲ್ಲಿ ಹೋಯಿತು. ಶನಿವಾರ ಆ ಗದ್ದಲದಲ್ಲಿ ನಿನ್ನ ವಿಷಯ ಮರೆತೇಹೋಯಿತು.

ಎಮ್ಮೆಟ್ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಬಂದಿದ್ದ, ಕೋರ್ಟಿಗೆ ಬಂದವನ ಹಾಗೆ. ಮೊದಲೆರಡು ವಾಫಲ್ ಶಿಸ್ತಾಗಿ ತಿಂದ. ನಾಲ್ಕನೆಯದಕ್ಕೆ ಬೆವರಿದ. ನಾನು ಹಿಟ್ಟು ಕಲಸುವ ಸೌಟನ್ನು ಮೈಕಿನಂತೆ ಹಿಡಿದು, ಆಟದ ವೀಕ್ಷಕ ವಿವರಣೆಯ ಧಾಟಿಯಲ್ಲಿ ಅವನ ಒಂದೊಂದು ತುತ್ತನ್ನೂ ಬಣ್ಣಿಸಿದೆ. ಲಾರಿಯವರು, ಚರ್ಚಿನ ಹೆಂಗಸರು, ಎಲ್ಲ ಮೇಜಿನವರೂ ತಟ್ಟೆ ಬಿಟ್ಟು ನನ್ನನ್ನೇ ನೋಡುತ್ತಿದ್ದರು. ಅವನೂ ನಕ್ಕ, ಡಾರ್ಲಾ. ವಿಲ್ಮಾ ಹೋದ ಮೇಲೆ ಅವನ ಹಲ್ಲು ಕಂಡದ್ದು ಅದೇ ಮೊದಲು.

ಸಂಜೆ ಅವನನ್ನು ಮನೆಗೆ ಬಿಡಲು ಹೋದಾಗ ಪಕ್ಕದ ಮನೆಯ ಐಡಾ ಬೇಲಿ ಹತ್ತಿರವೇ ಕಾಯುತ್ತಿದ್ದಳು. ನೀಲಿ ಕಾರು ಬಂದಿತ್ತಂತೆ. ತಾಯಿ ಮಗಳು ಮಧ್ಯಾಹ್ನದವರೆಗೆ ಮೆಟ್ಟಿಲ ಮೇಲೆ ಕೂತಿದ್ದರಂತೆ. ಮಗು ಅಂಗಳದ ಬಕ್‌ಐ ಮರದಡಿ ಬಿದ್ದ ಕಾಯಿಗಳನ್ನೆಲ್ಲ ಆರಿಸಿ ಮೆಟ್ಟಿಲಿನ ಮೇಲೆ ಸಾಲಾಗಿ ಜೋಡಿಸಿತಂತೆ. ಅವು ಅಲ್ಲೇ ಇದ್ದವು, ಹೊಳೆಯುತ್ತಾ. ನಿನ್ನಪ್ಪ ಬಗ್ಗಿ ನೋಡಿದ, ಮುಟ್ಟಲಿಲ್ಲ. ಸುತ್ತು ಹಾಕಿಕೊಂಡು ಹಿತ್ತಿಲ ಬಾಗಿಲಿನಿಂದ ಒಳಗೆ ಹೋದ.

ಇವತ್ತಿಗೂ ಹಿತ್ತಿಲ ಬಾಗಿಲೇ. ಮೆಟ್ಟಿಲು ಗುಡಿಸುವಾಗ ಕಾಯಿಗಳ ಸುತ್ತ ಪೊರಕೆ ಆಡಿಸುತ್ತಾನೆ. ಅಳಿಲು ಎತ್ತಿಕೊಂಡು ಹೋದೀತೆಂದು ಕಿಟಕಿಯಲ್ಲೇ ಕಾವಲು. ಲೀಗು ಬಿಟ್ಟ, ಕ್ಷೌರದಂಗಡಿಗೂ ಬರುವುದಿಲ್ಲ. ರಸ್ ಕತ್ತರಿ ಬಾಚಣಿಗೆ ತೆಗೆದುಕೊಂಡು ಅವನ ಮನೆಗೇ ಹೋಗಿ ಕೂದಲು ಕತ್ತರಿಸಿ ಬಂದ. ಶನಿವಾರ ಬಂದರೆ ಬೆಳಿಗ್ಗೆಯೇ ಗಡ್ಡ ಬೋಳಿಸಿಕೊಂಡು, ಅದೇ ಇಸ್ತ್ರಿ ಅಂಗಿ ಹಾಕಿಕೊಂಡು ಜಗುಲಿಯಲ್ಲಿ ಕೂರುತ್ತಾನೆ. ನಿನ್ನೆಯೂ ಕೂತಿದ್ದ. ನಾನು ಹೋಗಿ ಪಕ್ಕದಲ್ಲಿ ಕೂತೆ. ‘ಲೈಲ್, ಅವಳು ಬರ್ತೀನಂತ ನಿಂಗೇನಾದ್ರೂ ಹೇಳಿದ್ಲೇನೋ?’ ಎಂದು ಕೇಳಿದ.

‘ನಂಗ್ಯಾಕೆ ಹೇಳ್ತಾಳೆ ಭಾವ’ ಅಂದೆ.

ತಲೆಯಾಡಿಸಿದ. ‘ನಂದೇ ತಪ್ಪು. ಆ ಆಟಾನ ವಿಲ್ಮಾ ಹೋದಾಗ್ಲೇ ಬಿಡ್ಬೇಕಾಗಿತ್ತು’ ಅಂದ.

ಅದಕ್ಕೇ ಈ ಕಾಗದ. ನೀನು ಅವನು ಓಡಿಹೋದ ಎಂದುಕೊಂಡಿದ್ದೀಯ, ಅವನು ತನ್ನ ಆಟದ ಹುಚ್ಚಿಗೆ ದೇವರು ಕೊಟ್ಟ ಶಿಕ್ಷೆ ಎಂದುಕೊಂಡಿದ್ದಾನೆ. ಇಬ್ಬರ ನಡುವೆ ಹಲ್ಲು ಕಿರಿಯುತ್ತಾ ನಿಂತವನು ನಾನು. ಇದನ್ನು ಅಂಚೆಪೆಟ್ಟಿಗೆಗೆ ಹಾಕಿ ನೆಟ್ಟಗೆ ಅವನ ಮನೆಗೇ ಹೋಗುತ್ತೇನೆ, ಎಲ್ಲ ಹೇಳುತ್ತೇನೆ. ಹೊಡೆದರೆ ಹೊಡೆಯಲಿ, ನನಗೆ ಬೆನ್ನಿದೆ. ನೀನು ನನ್ನ ಮೇಲೆ ಎಷ್ಟು ಬೇಕಾದರೂ ಸಿಟ್ಟಿಟ್ಟುಕೋ, ಅವನ ಮೇಲಿನದನ್ನು ಬಿಡು. ಯಾವ ಶನಿವಾರವಾದರೂ ಬಾ. ಮಗುವನ್ನು ಕರೆದುಕೊಂಡು ಬಾ. ನಾನು ಎದುರಿಗೆ ಇರಬಾರದು ಎಂದರೆ ಇರುವುದಿಲ್ಲ.

ಜೂನಿಯ ಕೆನ್ನೆಗೆ ಈ ಮುದುಕನ ಒಂದು ಮುತ್ತು. ತಾಯಿ ಮಗಳು ನೂರು ಕಾಲ ನಗುತ್ತಾ ಬಾಳಿ, ನನ್ನಂಥವರ ನಗೆಗೆ ಸಿಕ್ಕದ ಹಾಗೆ.

ನಿನ್ನ ಸೋದರಮಾವ,
ಲೈಲ್

ತಾ.ಕ.: ಲಕೋಟೆ ಅಂಟಿಸಿದ್ದನ್ನು ಮತ್ತೆ ಹರಿದಿದ್ದೇನೆ. ಮೇಲೆ ‘ಮರೆತೇಹೋಯಿತು’ ಎಂದು ಬರೆದಿದ್ದೇನಲ್ಲ, ಅದು ಸುಳ್ಳು. ಬುಧವಾರದಿಂದಲೂ ನೆನಪಿತ್ತು. ಹತ್ತಕ್ಕೆ ಸರಿಯಾಗಿ ಶಿಕ್ಷೆ ರದ್ದು ಎಂದು ಸಾರಿ, ಅವನನ್ನು ನನ್ನ ಗಾಡಿಯಲ್ಲಿ ತಂದು ನಿನ್ನೆದುರು ಇಳಿಸಬೇಕು, ಎಲ್ಲರೂ ‘ಭಲೇ ಲೈಲ್’ ಅನ್ನಬೇಕು ಎಂದೇ ನನ್ನ ಯೋಚನೆ. ಹತ್ತಾಯಿತು. ನಾನೇ ಗಡಿಯಾರ ನೋಡಿದೆ. ಹೋಟೆಲಿಗೆ ಹೋಟೆಲೇ ನನ್ನ ಕಡೆ ತಿರುಗಿ ನಗುತ್ತಿತ್ತು. ಡಾರ್ಲಾ ಇನ್ನೊಂದು ಸ್ವಲ್ಪ ಕಾಯಲಿ ಅಂದುಕೊಂಡೆ. ಆಗಲೇ ಎಮ್ಮೆಟ್ ಫೋರ್ಕ್ ಕೆಳಗಿಟ್ಟು, ‘ಲೈಲ್, ಗಂಟೆ ಎಷ್ಟಾಯ್ತು?’ ಎಂದು ಕೇಳಿದ. ನಾನು ಸೌಟನ್ನು ಬಾಯಿಗೆ ಹಿಡಿದು ಎಲ್ಲರಿಗೂ ಕೇಳುವ ಹಾಗೆ ಹೇಳಿದೆ: ‘ನಿಂಗ್ಯಾಕೋ ಭಾವ ಗಂಟೆ? ಮನೇಲಿ ನಿಂಗೋಸ್ಕರ ಯಾರು ಕಾಯ್ತಾ ಕೂತಿದಾರೆ?’

ಆ ದಿನ ಎಲ್ಲಕ್ಕಿಂತ ಜೋರಾಗಿ ನಕ್ಕದ್ದು ಆ ಮಾತಿಗೇ. ಅವನೂ ನಕ್ಕ. ನಕ್ಕು, ‘ಅದೂ ಸರಿ’ ಅಂದು, ಇನ್ನೊಂದು ವಾಫಲ್ ಹಾಕಿಸಿಕೊಂಡ.