ಬೈಕಿಗೊಂದು, ಜೇಬಿಗೊಂದು

ಪುಟ್ಟಿ,

ನಿನ್ನ ಆಫೀಸಿನ ವಿಳಾಸವೊಂದೇ ನನ್ನ ಹತ್ತಿರ ಇರುವುದು, ಅದಕ್ಕೇ ಅಲ್ಲಿಗೆ ಬರೆಯುತ್ತಿದ್ದೇನೆ.

ಹೇಳದೆ ಮದುವೆಯಾಗಿ ಹೋದಮೇಲೆ ನೀನು ಮೊನ್ನೆ ಮೊದಲ ಸಲ ಫೋನ್ ಮಾಡಿದಾಗ ನಾನು ಕಟ್ ಮಾಡಿದ್ದು ಕೋಪಕ್ಕಲ್ಲ ಕಣೇ. ಗುಡ್ಡದ ಮೇಲಿನ ಮನೆಯೊಂದಕ್ಕೆ ಹೆರಿಗೆ ಮಾಡಿಸಲು ಬೈಕಿನಲ್ಲಿ ಹೊರಟಿದ್ದೆ. ಫೋನಿನಲ್ಲೇ ದಾರಿ ನೋಡುತ್ತಿದ್ದೆ. ನಿನ್ನ ಹೆಸರು ಬಂದದ್ದೇ ತಡ, ಮ್ಯಾಪು ಮಾಯವಾಯಿತು, ಎದುರಿಗೆ ಕವಲುದಾರಿ. ಅಲ್ಲಿ ಆ ಹುಡುಗಿಗೆ ನೋವು ಶುರುವಾಗಿ ಬಹಳ ಹೊತ್ತಾಗಿತ್ತು. ಹೆಣ್ಣುಮಗು ಹುಟ್ಟಿತು, ಇಬ್ಬರೂ ಚೆನ್ನಾಗಿದ್ದಾರೆ. ಆಮೇಲೆ ನಾನು ಎಷ್ಟು ಸಲ ಮಾಡಿದರೂ ನೀನು ಎತ್ತಲಿಲ್ಲ.

ಮರುದಿನವೇ ಬೈಕಿಗೆಂದೇ ಬರುವ ಜಿಪಿಎಸ್ ಕೊಂಡೆ. "ಕೈಯಲ್ಲಿ ಫೋನ್ ಇರುವಾಗ ಇದ್ಯಾಕೆ ನರ್ಸಮ್ಮ, ದಂಡ" ಎಂದ ಮೆಕ್ಯಾನಿಕ್. ಸಿಗ್ನಲ್ ಇಲ್ಲದಿದ್ದರೂ ದಾರಿ ತೋರಿಸುತ್ತೆ, ಮಳೆಯಲ್ಲಿ ಗ್ಲೌಸ್ ಹಾಕಿ ಒತ್ತಿದರೂ ಕೇಳುತ್ತೆ ಎಂದೆ. ನಿಜವಾದ ಕಾರಣ ಅವನಿಗ್ಯಾಕೆ? ಈಗ ಫೋನ್ ಜೇಬಿನಲ್ಲಿ ಬೇರೆ ಕೆಲಸವಿಲ್ಲದೆ ಕೂತಿರುತ್ತೆ. ನೀನು ಮಾಡಿದರೆ ಗಾಡಿ ಬದಿಗೆ ಹಾಕಿ ಎತ್ತುತ್ತೇನೆ.

ಜಿಪಿಎಸ್‌ಗೆ ನಿಮ್ಮ ಮನೆಯ ವಿಳಾಸ ಹಾಕಬೇಕು, ಬರೆದು ಕಳಿಸು. ಭಾನುವಾರ ನನಗೆ ರಜೆ. ಅಳಿಯಂದಿರು ಅವತ್ತು ಮನೆಯಲ್ಲಿರುತ್ತಾರಾ ಅಂತಲೂ ತಿಳಿಸು.

ನಿನ್ನ
ಅಮ್ಮ