ಮಾವ, ಒಂದು ಸಲ ಬೇಡ ಅನ್ನಿ

ಪ್ರೀತಿಯ ಮಾವ,

ಕನ್ನಡಕ ಹಾಕಿಕೊಂಡು, ಫ್ಯಾನಿನ ಕೆಳಗೆ ಆರಾಮಾಗಿ ಕೂತು ಓದಿ. ಇದು ಉದ್ದದ ಕಾಗದ. ಫೋನಿನಲ್ಲಿ ಓದಿದರೆ ನಿಮ್ಮ ಕಣ್ಣು ಉರಿಯುತ್ತದೆ ಎಂದು ಗೊತ್ತಿರುವುದರಿಂದ ಅಲ್ಲಿ ನಮ್ಮ ಬೀದಿಯ ಕೊನೆಯ ಜೆರಾಕ್ಸ್ ಅಂಗಡಿಗೆ ಕಳಿಸುತ್ತಿದ್ದೇನೆ. ಅವರು ಹಾಳೆಗೆ ಇಳಿಸಿ ನಿಮ್ಮ ಕೈಗೆ ಕೊಡುತ್ತಾರೆ. ಓದದೆ ಕೊಡುವ ಆಸಾಮಿ ಅವರಲ್ಲ. ಅಂಗಡಿಯಣ್ಣ, ಇಲ್ಲಿಯವರೆಗೆ ಓದಿದ್ದು ಸಾಕು, ಪಿನ್ ಹೊಡೆದು ಮಾವನಿಗೆ ತಲುಪಿಸಿ.

ಇಂಗ್ಲಿಷ್ ಮೀಡಿಯಮ್ಮಿನ ಸೊಸೆ ಕನ್ನಡದಲ್ಲಿ ಇಷ್ಟುದ್ದ ಬರೆದಿದ್ದಾಳಲ್ಲ ಎಂದು ನಿಮಗೆ ಆಶ್ಚರ್ಯವಾಗಬಹುದು. ನನಗೂ ಆಗುತ್ತಿದೆ. ನೀವು ಕೋರ್ಟಿನಲ್ಲಿ ವರ್ಷಗಟ್ಟಲೆ ಸಾಕ್ಷಿಗಳ ಮಾತನ್ನು ಒಂದಕ್ಷರ ಬಿಡದೆ ಟೈಪ್ ಮಾಡಿದವರು. ನಿಮ್ಮ ಮುಂದೆ ಬರೆದು ತೋರಿಸುವುದೆಂದರೆ ಪ್ರತಿ ಸಾಲನ್ನೂ ಎರಡೆರಡು ಸಲ ಅಳಿಸಿ ಬರೆಯುತ್ತಿದ್ದೇನೆ. ತಪ್ಪು ಸಿಕ್ಕಲ್ಲಿ ಗೆರೆ ಎಳೆದಿಡಿ, ಬಂದಾಗ ಬೈಸಿಕೊಳ್ಳುತ್ತೇನೆ.

ಮೊದಲು ಸಂತೋಷದ ವಿಷಯ. ನಾನು ಈ ಪರದೇಶದಲ್ಲಿ ಎಷ್ಟು ಖುಷಿಯಾಗಿದ್ದೇನೆಂದರೆ, ಬಸ್ಸಿನಲ್ಲಿ ಒಬ್ಬಳೇ ಕೂತಿದ್ದಾಗಲೂ ನಗು ಬಂದುಬಿಡುತ್ತದೆ, ಎದುರಿಗಿದ್ದವರು ಸೀಟು ಬದಲಾಯಿಸುತ್ತಾರೆ. ನಮ್ಮದು ಮೇಲಿನ ಅಂತಸ್ತಿನ ಒಂದೇ ಕೋಣೆಯ ಮನೆ. ಚಾವಣಿ ಒಂದು ಕಡೆ ಇಳಿಜಾರು. ನಿಮ್ಮ ಮಗ ದಿನಾ ಬೆಳಿಗ್ಗೆ ಎದ್ದ ತಕ್ಷಣ ಅದಕ್ಕೆ ತಲೆ ಹೊಡೆಸಿಕೊಂಡು, ದಿನಾ ಹೊಸದಾಗಿ ಬೆರಗಾಗುತ್ತಾನೆ. ಆಮೇಲೆ ಆಸ್ಪತ್ರೆಗೆ ಹೋಗಿ, ಬಿದ್ದು ಸೊಂಟ ಮುರಿದುಕೊಂಡ ಅಜ್ಜ ಅಜ್ಜಿಯರಿಗೆ ಮತ್ತೆ ನಡೆಯುವುದನ್ನು ಕಲಿಸುತ್ತಾನೆ. ಸಂಜೆ ಅವನು ಬಟ್ಟೆಗೆ ಇಸ್ತ್ರಿ ಹಾಕುತ್ತಿರುವಾಗ ನಾನು ಗಡಿ ಒಪ್ಪಂದಗಳ ಬಗ್ಗೆ ಭಾಷಣ ಬಿಗಿಯುತ್ತೇನೆ. ಪಾಪ, ಅಂಗಿಯ ತೋಳು ಸುಡುವಷ್ಟು ಗಮನ ಕೊಟ್ಟು ಕೇಳುತ್ತಾನೆ.

ನೋಡಿ, ಅವನನ್ನು ಏಕವಚನದಲ್ಲೇ ಬರೆದುಬಿಟ್ಟೆ. ಅತ್ತೆಗೆ ಅದು ಇಷ್ಟವಿಲ್ಲ, ಅವರು ಮೊದಲ ವಾರವೇ ಹೇಳಿದ್ದಾರೆ. ನಿಮಗೆ ಇಷ್ಟವೋ ಇಲ್ಲವೋ, ನೀವು ಹೇಳಿಲ್ಲ. ಈ ಕಾಗದ ಬರೆಯುತ್ತಿರುವುದು ಒಂದು ರೀತಿಯಲ್ಲಿ ಅದರ ಬಗ್ಗೆಯೇ.

ನಾನು ಓದುತ್ತಿರುವುದು ಅಂತರರಾಷ್ಟ್ರೀಯ ಸಂಬಂಧಗಳು ಎಂದಾಗ ಮದುವೆಯ ದಿನ ನಿಮ್ಮ ಅಕ್ಕ ನನ್ನ ಗಲ್ಲ ಹಿಡಿದು ಕೇಳಿದ್ದರು, "ಸಂಬಂಧದ ಬಗ್ಗೆ ಓದೋಕೆ ಪರದೇಶಕ್ಕೆ ಯಾಕಮ್ಮಾ ಹೋಗ್ಬೇಕು? ನಮ್ಮನೇಲಿ ಒಂದು ವರ್ಷ ಇರು, ಡಾಕ್ಟರೇಟೇ ಸಿಗುತ್ತೆ." ಮಂಟಪದಲ್ಲಿದ್ದವರೆಲ್ಲ ನಕ್ಕರು. ನೀವೂ ನಕ್ಕಿರಿ, ಸದ್ದಿಲ್ಲದೆ, ಭುಜ ಮಾತ್ರ ಅಲುಗಿಸಿ. ನಾನು ಅಂದೇ ನಿಮ್ಮ ಪಕ್ಷ ಸೇರಿಬಿಟ್ಟೆ.

ಆದರೆ ಮಾವ, ಆ ಮನೆಯಲ್ಲಿ ನಿಮ್ಮ ಬಾಯಿಂದ ಒಂದು 'ಬೇಡ' ಬಂದದ್ದನ್ನು ನಾನು ಕೇಳಿಲ್ಲ. ನೀವೆಲ್ಲ ನನ್ನನ್ನು ನೋಡಲು ಬಂದ ದಿನ ನನ್ನಪ್ಪ, "ಹುಡುಗಿ ಮದುವೆಯಾದ ಮೇಲೂ ಓದ್ಬೇಕು ಅಂತಾಳೆ, ಒಂದು ವರ್ಷ ಹೊರದೇಶ, ನೀವೇನಂತೀರಿ?" ಎಂದು ಕೇಳಿದರು. ನೀವು ಕಾಫಿ ಲೋಟ ಕೆಳಗಿಟ್ಟು ಕಿಟಕಿಯ ಕಡೆ ನೋಡಿದಿರಿ. ಅತ್ತೆ ಕೂಡಲೇ, "ಅವರು ಸುಮ್ಮನಿದ್ದಾರೆ ಅಂದ್ರೆ ಒಪ್ಪಿದ್ದಾರೆ ಅಂತ" ಎಂದರು. ಎಲ್ಲರಿಗೂ ನಿರಾಳವಾಯಿತು. ಒಂದು ವರ್ಷ, ಆಮೇಲೆ ವಾಪಸ್ಸು ಎಂದು ಮಾತಾಯಿತು. ಮಂಟಪ ಯಾವುದು, ಫೋಟೋದವನು ಯಾರು, ಎಲ್ಲವೂ ಹೀಗೇ ತೀರ್ಮಾನವಾದವು. ನೀವು ಸುಮ್ಮನಿರುವುದು, ನಾವು ಮುಂದೆ ಹೋಗುವುದು.

ಹೋದ ತಿಂಗಳ ಒಂದು ಭಾನುವಾರ ನಾನು ಫೋನ್ ಮಾಡಿದ್ದು ನೆನಪಿದೆಯಲ್ಲವೇ. ಎರಡನೆಯ ವರ್ಷ ಮತ್ತೊಂದು ದೇಶದ ವಿಶ್ವವಿದ್ಯಾಲಯದಲ್ಲಿ ಓದಲು ನನಗೆ ಸೀಟು ಸಿಕ್ಕಿತ್ತು. ಗಡಿ ದಾಟಿ ಹರಿಯುವ ನದಿಗಳನ್ನು ದೇಶಗಳು ಹೇಗೆ ಹಂಚಿಕೊಳ್ಳುತ್ತವೆ ಎಂಬುದರ ಬಗ್ಗೆ ಅಲ್ಲೇ ಕೂತು ಕೆಲಸ ಮಾಡುವ ಅವಕಾಶ. ನಮ್ಮ ತರಗತಿಯಲ್ಲಿ ನನಗೊಬ್ಬಳಿಗೇ ಸಿಕ್ಕಿದ್ದು. ಜಂಬ ಕೊಚ್ಚಿಕೊಳ್ಳುತ್ತಿದ್ದೇನೆ, ಕೊಚ್ಚಿಕೊಳ್ಳಲು ಬಿಡಿ. ನಾನು ಒಂದೇ ಉಸಿರಿನಲ್ಲಿ ಎಲ್ಲ ಹೇಳಿ, "ಇನ್ನೊಂದು ವರ್ಷ ಮಾವ, ನಾವಿಬ್ರೂ ಅಲ್ಲಿಗೆ ಹೋಗ್ತೀವಿ, ಇವನಿಗೂ ಅಲ್ಲಿ ಕೆಲಸ ಸಿಗುತ್ತೆ, ಆಗ್ಬಹುದಾ?" ಎಂದೆ. ಆ ಕಡೆ ಯಾರೋ ಗೋಡೆಗೆ ಸುತ್ತಿಗೆಯಲ್ಲಿ ಹೊಡೆಯುವ ಸದ್ದು. ಪಕ್ಕದ ಮನೆಯವರು ರಿಪೇರಿ ಮಾಡಿಸುತ್ತಿರಬೇಕು ಎಂದುಕೊಂಡೆ. ನೀವು ಸ್ವಲ್ಪ ಹೊತ್ತು ಬಿಟ್ಟು, "ನಿಮ್ಮತ್ತೆಗೆ ಕೊಡ್ತೀನಮ್ಮಾ" ಎಂದಿರಿ. ಅತ್ತೆ, "ಹೋಗ್ರಮ್ಮಾ, ಕೈಕಾಲು ಗಟ್ಟಿಯಿರೋವಾಗ್ಲೇ ಊರು ನೋಡ್ಬೇಕು" ಎಂದರು. ಫೋನಿಟ್ಟು ನಾವಿಬ್ಬರೂ ಕುಣಿದೆವು. ನಿಮ್ಮ ಮಗ ಕುಣಿಯುವಾಗಲೂ ಚಾವಣಿಗೆ ತಲೆ ಹೊಡೆಸಿಕೊಂಡ.

ಈಗ ನನ್ನ ತರಗತಿಯ ಕಥೆ ಕೇಳಿ. ಅದನ್ನು ಹೇಳದೆ ಮುಂದಿನದು ಅರ್ಥವಾಗುವುದಿಲ್ಲ.

ನಮ್ಮ ಮೇಷ್ಟ್ರು ಹಿಂದೆ ರಾಯಭಾರಿಯಾಗಿದ್ದವರು. ಸದಾ ಸ್ವೆಟರ್, ಸದಾ ಒಂದು ಪೆನ್ಸಿಲ್, ಬೈಯುವಾಗಲೂ ಧನ್ಯವಾದ ಹೇಳಿಯೇ ಬೈಯುತ್ತಾರೆ. ಅವರು ನಮಗೆಲ್ಲ ಇಲ್ಲದ ದೇಶಗಳನ್ನು ಹಂಚಿ ಒಂದು ಅಣಕು ಸಮ್ಮೇಳನ ನಡೆಸುತ್ತಾರೆ. ನನಗೆ ಬಂದದ್ದು ಒಂದು ಪುಟಾಣಿ ದ್ವೀಪ. ಮೀನು ಬಿಟ್ಟರೆ ಬೇರೆ ಆಸ್ತಿಯಿಲ್ಲ. ನಮ್ಮ ತರಗತಿಯ ಒಬ್ಬ ಹುಡುಗಿ, ಬಾಗಿಲಲ್ಲಿ ಬಗ್ಗಿ ಬರುವಷ್ಟು ಎತ್ತರ, ಮೊದಲು ಪತ್ರಿಕೆಯೊಂದರ ವರದಿಗಾರ್ತಿಯಾಗಿದ್ದವಳು. ನಾನು ಮನಸ್ಸಿನಲ್ಲೇ ಅವಳಿಗೆ ಜಿರಾಫೆ ಎಂದು ಹೆಸರಿಟ್ಟಿದ್ದೇನೆ. ಅವಳಿಗೆ ಸಿಕ್ಕಿದ್ದು ನನ್ನ ಪಕ್ಕದ ದೊಡ್ಡ ದೇಶ. ನನ್ನ ಸಮುದ್ರದ ಮೇಲೆ ಅವಳ ಕಣ್ಣು.

ದೇಶ ದೇಶಗಳ ನಡುವೆ ಒಂದು ಪದ್ಧತಿ ಇದೆ, ಮಾವ. ಪ್ರತಿಯೊಂದಕ್ಕೂ ಸಭೆ ಸೇರಲು ಆಗುವುದಿಲ್ಲವಲ್ಲ, ಅದಕ್ಕೆ ಅಧ್ಯಕ್ಷರು ಕರಡು ನಿರ್ಣಯವನ್ನು ಎಲ್ಲರಿಗೂ ಕಳಿಸಿ ಒಂದು ಗಡುವು ಹಾಕುತ್ತಾರೆ. ಅಷ್ಟರೊಳಗೆ ಯಾರೂ ಏನೂ ಹೇಳದಿದ್ದರೆ ಅದು ಪಾಸಾದ ಹಾಗೆ. ಯಾರಾದರೂ ತಕರಾರು ತೆಗೆದರೆ, ಅದಕ್ಕೆ ಮೌನ ಮುರಿಯುವುದು ಎನ್ನುತ್ತಾರೆ. ಆಗ ಕರಡು ವಾಪಸ್ ಮೇಜಿಗೆ ಬರುತ್ತದೆ, ಮಾತು ಮತ್ತೆ ಶುರುವಾಗುತ್ತದೆ.

ನನಗೆ ಕರಡು ಬಂದದ್ದು ಒಂದು ಶನಿವಾರ ಬೆಳಿಗ್ಗೆ, ಗಡುವು ಮಧ್ಯಾಹ್ನಕ್ಕೆ. ಆ ಹೊತ್ತಿಗೆ ನಾನು ಮತ್ತು ನಿಮ್ಮ ಮಗ ಹಳೇ ಸಾಮಾನಿನ ಅಂಗಡಿಯಲ್ಲಿ ಒಂದು ಡಬಲ್ ಹಾಸಿಗೆ ಆರಿಸಿ, ಆಟೋ ಗೀಟೋ ಏನೂ ಇಲ್ಲದ ಊರಲ್ಲಿ ಅದನ್ನು ತಲೆಯ ಮೇಲೆ ಹೊತ್ತುಕೊಂಡು ರಸ್ತೆಯಲ್ಲಿ ಬರುತ್ತಿದ್ದೆವು. ಅವನು ಮುಂದೆ, ನಾನು ಹಿಂದೆ, ನಡುವೆ ನಗು. ಅವನು ಬಲಕ್ಕೆ ಎಂದರೆ ನಾನು ಎಡಕ್ಕೆ. ಮೆಟ್ಟಿಲ ತಿರುವಿನಲ್ಲಿ ಹಾಸಿಗೆ ಸಿಕ್ಕಿಕೊಂಡು ಕೆಳಮನೆಯ ಬಡಗಿ ಬಂದು ಬಿಡಿಸಬೇಕಾಯಿತು. ಆಮೇಲೆ ಅದರ ಮೇಲೆ ಬಿದ್ದುಕೊಂಡು ಫೋನ್ ನೋಡುತ್ತೇನೆ, ಗಡುವು ಮುಗಿದಿದೆ. ನನ್ನ ದ್ವೀಪದ ಅಷ್ಟೂ ಸಮುದ್ರ ಜಿರಾಫೆಯ ಪಾಲಾಗಿದೆ, ನನ್ನ ಒಪ್ಪಿಗೆಯ ಮೇರೆಗೆ.

ಸೋಮವಾರ ಕಾರಣ ಕೇಳಿದರು, ನಾನು ನಿಜ ಹೇಳಿಬಿಟ್ಟೆ. ಅಂದಿನಿಂದ ನನ್ನ ದೇಶಕ್ಕೆ ಹಾಸಿಗೆ ಗಣರಾಜ್ಯ ಎಂದೇ ಹೆಸರು. ಮೇಷ್ಟ್ರು ಮಾತ್ರ ಪೆನ್ಸಿಲ್ ಕೆಳಗಿಟ್ಟು ಹೇಳಿದರು, "ಧನ್ಯವಾದ. ಎಲ್ಲರೂ ಇದನ್ನ ನೆನಪಿಟ್ಕೊಳ್ಳಿ. ಸುಮ್ಮನಿದ್ದವರು ಒಪ್ಪಿದಾರೆ ಅಂತಲ್ಲ. ಒಪ್ಪಿದಾರೆ ಅಂತ ಲೆಕ್ಕ ಹಾಕೋದು ನಮಗೆ ಅನುಕೂಲ, ಅಷ್ಟೆ."

ಹೊರಗೆ ಬಂದ ಮೇಲೆ ಜಿರಾಫೆ ನನ್ನ ಹೆಗಲ ಮೇಲೆ ಕೈ ಹಾಕಿದಳು. "ನೀನು ಒಂದೇ ಒಂದು ಮಾತು ಅಂದಿದ್ರೆ ಅರ್ಧ ಸಮುದ್ರ ಬಿಟ್ಟುಕೊಡಿ ಅಂತ ಮೇಷ್ಟ್ರು ನಮಗೆ ಮೊದಲೇ ಗುಟ್ಟಾಗಿ ಹೇಳಿದ್ರು ಕಣೇ. ನಾವು ಕೊಡೋಕೆ ರೆಡಿ ಇದ್ವಿ. ನೀನು ಬೇಡ ಅನ್ಲೇ ಇಲ್ಲ." ಅವಳು ಆಡಿದ್ದು ಇಂಗ್ಲಿಷಿನಲ್ಲಿ, ನನಗೆ ಕೇಳಿಸಿದ್ದು ಮಾತ್ರ ಹೀಗೇ. ನಾನು ನಕ್ಕೆ. ಸಮುದ್ರ ಹೋದರೆ ಹೋಯಿತು, ಹಾಸಿಗೆ ಚೆನ್ನಾಗಿದೆ ಎಂದೆ.

ನಗು ನಿಂತದ್ದು ಮೊನ್ನೆ, ಅತ್ತೆ ಫೋನ್ ಮಾಡಿದಾಗ. ಅವರ ಮೇಲೆ ಸಿಟ್ಟು ಮಾಡಬೇಡಿ ಮಾವ, ಅವರು ಚಾಡಿ ಹೇಳಲಿಲ್ಲ, ಬೀದಿನಾಯಿಯ ಮೇಲೆ ದೂರು ಹೇಳುತ್ತಿದ್ದರು. "ಮುಂದಿನ ರೂಮಿನ ಗೋಡೆ ಒಡೆಸಿ ಹಂಗೇ ಬಿಟ್ಟಿದಾರೆ ಕಣಮ್ಮಾ. ಹಳೇ ಬೆಡ್‌ಶೀಟ್ ಕಟ್ಟಿದೀನಿ, ನಾಯಿ ಅದರ ಕೆಳಗಿಂದ ನುಗ್ಗಿ ಬಂದು ಸೋಫಾ ಮೇಲೆ ಮಲಗುತ್ತೆ." ಗೋಡೆ ಯಾಕೆ ಒಡೆಸಿದರು ಎಂದೆ. ಅತ್ತೆ ತಡೆಯಲಾರದೆ ಹೇಳಿದರು. "ಹೇಳ್ಬೇಡ, ಬಂದಾಗ ನೋಡ್ಲಿ ಅಂದಿದ್ರು. ಅವನು ವಾಪಸ್ ಬಂದು ಕ್ಲಿನಿಕ್ ಮಾಡೋಕೆ ಜಾಗ ಬೇಕಲ್ಲ. ಬಾಗಿಲು ಚಿಕ್ಕದು, ವೀಲ್‌ಚೇರ್ ಹೋಗಲ್ಲ ಅಂತ ಅಗಲ ಮಾಡಿಸ್ತಿದ್ರು. ಟೈಪ್ ಮಾಡೋ ಟೇಬಲ್ ಎತ್ತಿ ಅಡುಗೆಮನೆ ಪಕ್ಕ ಹಾಕ್ಕೊಂಡ್ರು. ನೀನು ಭಾನುವಾರ ಫೋನ್ ಮಾಡಿದ್ಯಲ್ಲ, ಅವತ್ತೇ ಗಾರೆಯವರನ್ನ ಸಾಕು ಹೋಗ್ರಪ್ಪಾ ಅಂತ ಕಳಿಸಿಬಿಟ್ರು."

ಮಾವ, ಆ ಸುತ್ತಿಗೆಯ ಸದ್ದು ನಮ್ಮ ಮನೆಯದಾಗಿತ್ತು. ನೀವು ಒಂದು ಕೈಯಲ್ಲಿ ಫೋನ್ ಹಿಡಿದು, ಆ ಧೂಳಿನ ನಡುವೆ ನಿಂತು, ನಾನು ಇನ್ನೊಂದು ವರ್ಷ ಎಂದದ್ದನ್ನು ಕೇಳಿಸಿಕೊಂಡಿದ್ದೀರಿ. ಆಮೇಲೆ ನಾನು ಕುಣಿದೆ.

ನಿಮ್ಮ ಮಗನಿಗೆ ಹೇಳಿದೆ. ಅವನು ಇಸ್ತ್ರಿಪೆಟ್ಟಿಗೆ ಆರಿಸಿ ಕೂತುಬಿಟ್ಟ. "ಅಪ್ಪ ಗೋಡೆ ಒಡೆಸಿದ್ರಾ? ಆ ಗೋಡೆಗೆ ಕ್ಯಾಲೆಂಡರ್ ನೇತುಹಾಕೋಕೆ ಒಂದು ಮೊಳೆ ಹೊಡಿಯೋಕೆ ಬಿಡ್ತಿರಲಿಲ್ಲ ನನ್ನ." ಬಹಳ ಹೊತ್ತು ಅದನ್ನೇ ಹೇಳಿದ. ಆಮೇಲೆ, "ನಾನು ಹೋಗ್ತೀನಿ. ನೀನು ಅಲ್ಲಿ ಓದಿ ಮುಗಿಸಿ ಬಾ" ಎಂದ. ಸರಿಯಾದ ಮಾತೇ. ಆದರೂ ನಾನು ಜಗಳ ತೆಗೆದೆ. "ನನ್ನ ಬಿಟ್ಟು ಹೋಗೋಕೆ ಇಷ್ಟು ಬೇಗ ಒಪ್ಪಿಬಿಟ್ಯಾ? ಒಂದೆರಡು ದಿನ ಅಳೋದಾದ್ರೂ ಬೇಡ್ವಾ?" ಅದು ಅವನಿಗೂ ಸರಿ ಎನಿಸಿತು. ಇಬ್ಬರೂ ಅತ್ತೆವು. ಆಮೇಲೆ ಟೀ ಮಾಡಿಕೊಂಡು, ಮೇಜಿನ ಆ ಕಡೆ ಅವನು ಈ ಕಡೆ ನಾನು ಕೂತು, ಎರಡು ದೇಶಗಳ ಹಾಗೆ ಚೌಕಾಸಿ ಮಾಡಿದೆವು.

ನಮ್ಮ ಕರಡು ಹೀಗಿದೆ. ನಿಮ್ಮ ಮಗ ಮೊದಲು ಮಾತಾದಂತೆ ಈ ವರ್ಷದ ಕೊನೆಗೇ ಮನೆಗೆ ಬರುತ್ತಾನೆ, ಮುಂದಿನ ಕೋಣೆಯಲ್ಲಿ ಕ್ಲಿನಿಕ್ ತೆಗೆಯುತ್ತಾನೆ. ನಾನು ಎರಡನೆಯ ವರ್ಷಕ್ಕೆ ಒಬ್ಬಳೇ ಹೋಗುತ್ತೇನೆ, ಮಧ್ಯದ ರಜೆಯಲ್ಲಿ ಮನೆಗೆ ಬರುತ್ತೇನೆ, ಮುಗಿಸಿಕೊಂಡು ಪೂರ್ತಿ ಬರುತ್ತೇನೆ. ಹೊಸದಾಗಿ ಮದುವೆಯಾದವರಿಗೆ ಇದು ಸುಲಭವಲ್ಲ. ಆದರೆ ನನ್ನಿಂದ ಆಗುತ್ತದೆ, ಅವನಿಂದಲೂ ಆಗುತ್ತದೆ. ಆ ನದಿಗಳ ಓದನ್ನು ಬಿಡುವ ಮನಸ್ಸು ಮಾತ್ರ ನನಗಿಲ್ಲ. ಮುಚ್ಚಿಟ್ಟುಕೊಂಡು ಒಳ್ಳೆಯ ಸೊಸೆ ಎನಿಸಿಕೊಳ್ಳುವುದಕ್ಕಿಂತ ನೇರವಾಗಿ ಹೇಳುವುದು ಮೇಲು.

ಆದರೆ ಇದು ನಾವಿಬ್ಬರು ಬರೆದ ಕರಡು. ಮೂರನೆಯವರ ಮಾತು ಇದರಲ್ಲಿ ಇಲ್ಲ. ನಿಮಗೆ ಬೇಕಾದದ್ದು ಕ್ಲಿನಿಕ್ಕೋ, ಮಗ ಕಣ್ಣೆದುರಿಗಿರುವುದೋ, ಇಲ್ಲ ನಾವಿಬ್ಬರೂ ಒಟ್ಟಿಗೆ ಇರುವುದೋ, ನನಗೆ ಗೊತ್ತಿಲ್ಲ. ಒಡೆದ ಗೋಡೆ ನೋಡಿ ನಾನು ಊಹೆ ಮಾಡುತ್ತಿದ್ದೇನೆ, ಅಷ್ಟೆ. ನೀವು ಕೇಳಿದರೆ ಕೊಡುವುದಕ್ಕೆ ನಮ್ಮ ಹತ್ತಿರ ಇನ್ನೂ ಬಹಳ ಇದೆ, ಮಾವ. ಕೇಳದಿದ್ದರೆ ನಮಗೇ ಅದು ಗೊತ್ತಾಗುವುದಿಲ್ಲ.

ವಿಶ್ವವಿದ್ಯಾಲಯಕ್ಕೆ ನಾನು ಇನ್ನೂ ಒಪ್ಪಿಗೆ ಕಳಿಸಿಲ್ಲ. ಬರುವ ಭಾನುವಾರ ಫೋನ್ ಮಾಡುತ್ತೇನೆ, ನಿಮಗೇ ಮಾಡುತ್ತೇನೆ. ಈ ಸಲ ಗಡುವು ಇಲ್ಲ. ನೀವು ಸುಮ್ಮನಿದ್ದರೆ ನಾನೂ ಸುಮ್ಮನೆ ಕಾಯುತ್ತೇನೆ, ಫೋನ್ ಇಡುವುದಿಲ್ಲ, ಒಪ್ಪಿದಿರಿ ಎಂದು ಬರೆದುಕೊಳ್ಳುವುದೂ ಇಲ್ಲ. ನೀವು ಬೇಡ ಎಂದರೆ ನಾನು ತಲೆ ತಗ್ಗಿಸಿ ಸರಿ ಎನ್ನುವವಳಲ್ಲ, ವಾದ ಮಾಡುತ್ತೇನೆ, ನನ್ನ ಎಲ್ಲ ಓದನ್ನೂ ಬಳಸಿ ವಾದ ಮಾಡುತ್ತೇನೆ, ಗೆದ್ದರೂ ಗೆಲ್ಲುತ್ತೇನೆ. ನೀವೂ ಬಿಡಬೇಡಿ. ಅಷ್ಟು ವರ್ಷ ಎರಡೂ ಕಡೆಯ ವಕೀಲರ ವಾದ ಕೇಳಿದವರು, ನಿಮಗೆ ಹೇಳಿಕೊಡಬೇಕೇ.

ಸೊಸೆಗೆ ಆಶೀರ್ವಾದ ಮಾಡಬೇಕೆಂದು ನಿಮಗೆ ಅನಿಸಿದರೆ ಒಳ್ಳೆಯ ಮಾತೇ ಆಗಬೇಕೆಂದಿಲ್ಲ. ಬೈದರೂ ಸರಿ, ಬಾಯಿ ತುಂಬ ಬೈಯಿರಿ. ನಿಮಗೂ ಅತ್ತೆಗೂ ಕಾಲು ಮುಟ್ಟಿ ನಮಸ್ಕಾರ.

ನಿಮ್ಮ ದನಿಗೆ ಕಾದಿರುವ,
ನಿಮ್ಮ ಬಾಯಿಬಡುಕಿ ಸೊಸೆ