ಕರೆವ್ವ ಒದರಿದ ಆಟ

ಶಿಗ್ಲಿ
೧೮-೯-೧೯೮೪

ಪ್ರೀತಿಯ ವಿಮಲಕ್ಕನವರಿಗೆ ಮುಮ್ತಾಜಳ ಸಲಾಮು.

ಶನಿವಾರ ಗದುಗಿನ ಶಿಕ್ಷಕರ ಶಿಬಿರದಲ್ಲಿ ನಾನು ಕೊನೆಯ ಸಾಲಿನಲ್ಲಿದ್ದೆ. ನೀವು ನೋಡಲಿಲ್ಲ, ಅಥವಾ ನೋಡಿಯೂ ಸುಮ್ಮನಾದಿರಿ. ನೆಲದ ಮೇಲೆ ಹನ್ನೆರಡು ಚೌಕ ಎಳೆದು, ಗೋಟ್, ಪಾಟ್, ಲ್ಯಾಂಪ್ ಎಂದು ಇಂಗ್ಲಿಷ್ ಅಕ್ಷರಗಳಲ್ಲಿ ಬರೆದು, ಮಕ್ಕಳನ್ನು ಒಂಟಿಗಾಲಲ್ಲಿ ಕುಣಿಸಿದಿರಿ. "ಇದು ನಾನ ಕಂಡುಹಿಡದ ಆಟರೀ" ಎಂದಿರಿ. ಎಲ್ಲರೂ ಚಪ್ಪಾಳೆ ತಟ್ಟಿದರು. ನಾನೂ ತಟ್ಟಿದೆ.

ಎಂಟು ವರ್ಷದ ಹಿಂದೆ, ನೀವು ಮುಖ್ಯೋಪಾಧ್ಯಾಯಿನಿಯಾಗಿದ್ದ ಡೋಣಿಯ ಶಾಲೆಯಲ್ಲಿ ಇದೇ ಆಟವನ್ನು ಐದನೆಯ ತರಗತಿಗೆ ನಾನು ಹೂಡಿದಾಗ ಏನೆಂದಿರಿ? "ಮುಮ್ತಾಜ, ಕುಣದ್ರ ಇಂಗ್ಲಿಷ್ ಬರೋದಾದ್ರ ಮಂಗ್ಯಾಗೋಳೆಲ್ಲಾ ಬಿ.ಎ. ಆಗ್ತಿದ್ವು!"

ಬಲಗಾಲು ಸೊರಗಿದ ಕರೆವ್ವ ನೆನಪಿದ್ದಾಳೆಯೇ? ಅವಳಿಗೆಂದೇ ಒಂದು ನಿಯಮ ಮಾಡಿದ್ದೆ. ಅವಳು ಕಟ್ಟೆಯ ಮೇಲೆ ಕೂತು ಕನ್ನಡದಲ್ಲಿ "ಆಡು!" ಎಂದು ಒದರಬೇಕು, ಉಳಿದವರು ಗೋಟ್ ಎಂದು ಬರೆದ ಚೌಕಕ್ಕೆ ಹಾರಬೇಕು. ತಪ್ಪು ಹಿಡಿಯುವವಳೂ ಅವಳೇ. "ಲೇ ಉಡಚ್ಯಾ, ಅದು ಗಡಿಗಿ ಐತಿ, ಹೊರಗ ಬಾ!" ತಿಂಗಳೊಳಗೆ ಎಲ್ಲರಿಗಿಂತ ಹೆಚ್ಚು ಶಬ್ದ ಬಲ್ಲವಳು ಅವಳಾದಳು.

ಆಮೇಲೆ ಇನ್ಸ್‌ಪೆಕ್ಟರ್ ಸಾಹೇಬರು ಬಂದರು. "ಇದು ಸಾಲಿನೋ, ದನ ಕಟ್ಟೋ ಬಯಲೋ?" ಎಂದರು. "ನನಗ ಖಬರನ ಇಲ್ರಿ, ಎಲ್ಲಾ ಮುಮ್ತಾಜಂದು" ಎಂದಿರಿ ನೀವು. ಚೌಕಗಳು ಅಳಿಸಿಹೋದವು. ಕರೆವ್ವ ಶಾಲೆ ಬಿಟ್ಟಳು. ನನಗೆ ಹಿರೇವಡ್ಡಟ್ಟಿಗೆ ವರ್ಗವಾಯಿತು. ಕೇಳಿದವರಿಗೆಲ್ಲ ಅಂದಿನಿಂದ ಒಂದೇ ಮಾತು ಹೇಳುತ್ತ ಬಂದಿದ್ದೇನೆ: ಆಟ ಅಳಿಸಿದವರು ವಿಮಲಾಬಾಯಿ.

ಶನಿವಾರ ಮುಂಡರಗಿಯ ಮಾಸ್ತರರೊಬ್ಬರು, ಕಾಲಿಲ್ಲದ ಕೂಸು ಇದ್ದರೆ ಹೇಗೆ ಎಂದು ಕೇಳಿದರು. ನೀವು ಕ್ಷಣವೂ ಯೋಚಿಸದೆ, "ಬದೀಗೆ ಕೂಡಸ್ರಿ, ನೋಡಿ ಕಲೀತದ" ಎಂದಿರಿ. ನನ್ನ ಹೆಸರು ಬಿಟ್ಟದ್ದನ್ನು ನುಂಗಿಕೊಂಡೇನು. ಇದನ್ನು ನುಂಗಲಾರೆ. ಮುಂದಿನ ತಿಂಗಳು ಲಕ್ಷ್ಮೇಶ್ವರದ ಶಿಬಿರದಲ್ಲಿ ಕರೆವ್ವನ ಕಟ್ಟೆಯನ್ನೂ ಹೇಳಿಕೊಡಿ. ಆಟ ಬೇಕಾದರೆ ನಿಮ್ಮದೇ ಇರಲಿ.

ನಿಮ್ಮ ಕೈಕೆಳಗೆ ಕಲಿತ
ಮುಮ್ತಾಜ

ತಾ.ಕ.: ಅಂದು ಅಳಿಸಿರೆಂದು ಸಾಹೇಬರೂ ಹೇಳಲಿಲ್ಲ, ನೀವೂ ಹೇಳಲಿಲ್ಲ. ಹೆದರಿ, ಒಂದು ಕೊಡ ನೀರು ಸುರಿದು ಕಾಲಿನಿಂದ ಒರೆಸಿದವಳು ನಾನು. ಕಟ್ಟೆಯ ಮೇಲಿಂದ ಕರೆವ್ವ ಕೇಳಿದ್ದಳು, "ಅಕ್ಕೋರ, ಇನ್ನ ನಾ ಏನು ಒದರ್ಲಿ?" ಬಾಯಿ ಮುಚ್ಚಿಕೊಂಡು ಕೂಡು ಎಂದೆ. ಮರುದಿನ ಅವಳು ಬರಲಿಲ್ಲ.